ಕೋರಹನ ಮಕ್ಕಳು ಸಾಯಲಿಲ್ಲ

ನಮ್ಮಜ್ಜಿ ಬೈಬಲ್ ಓದುವಾಗ ಹೆಸರಿನ ಪಟ್ಟಿಗಳನ್ನು ಹಾರಿಸುತ್ತಿರಲಿಲ್ಲ. ಸಂಜೆ ಊಟಕ್ಕೆ ಮುಂಚೆ ಪಡಸಾಲೆಯ ಗೋಡೆಗೆ ಒರಗಿ ಕೂತು, ತೊಡೆಯ ಮೇಲೆ ಆ ದಪ್ಪ ಪುಸ್ತಕ ಇಟ್ಟುಕೊಂಡು, ಒಂದೊಂದು ಹೆಸರಿನ ಕೆಳಗೂ ಬೆರಳು ಸರಿಸುತ್ತಾ ಓದುತ್ತಿದ್ದಳು: ಕೆಹಾತನ ಮಕ್ಕಳು ಅಮ್ರಾಮ್, ಇಚ್ಹಾರ್, ಹೆಬ್ರೋನ್, ಉಜ್ಜೀಯೇಲ್. ನಾವು ಮೊಮ್ಮಕ್ಕಳು ಗೊಣಗುತ್ತಿದ್ದೆವು, "ಅದನ್ನ ಬಿಟ್ಟು ಕತಿ ಓದವಾ ಅಜ್ಜಿ." ಅವಳು ಕನ್ನಡಕದ ಮೇಲಿಂದ ನೋಡಿ, "ಇವರೂ ಯಾರದೋ ಮನಿ ಮಕ್ಕಳ ಅಲ್ಲೇನು? ಹೆಸರು ಹಿಡದು ಕರದರ ನಿಮ್ಮ ಗಂಟೇನು ಹೋಗತದ?" ಅನ್ನುತ್ತಿದ್ದಳು.

ಅರಣ್ಯಕಾಂಡದ 26ನೇ ಅಧ್ಯಾಯ ಬಂದಾಗ ಮಾತ್ರ ಒಂದು ಕಡೆ ನಿಲ್ಲುತ್ತಿದ್ದಳು. ಅದು ಜನಗಣತಿಯ ಅಧ್ಯಾಯ. ಕುಲ, ಮನೆತನ, ತಲೆಯೆಣಿಕೆ. ನಡುವೆ ಒಂದು ಪುಟ್ಟ ವಾಕ್ಯ: ಆದರೆ ಕೋರಹನ ಮಕ್ಕಳು ಸಾಯಲಿಲ್ಲ. ಅದನ್ನು ಅವಳು ಎರಡು ಸಲ ಓದುತ್ತಿದ್ದಳು. ಏಕೆಂದು ಆಗ ಕೇಳಲು ಹೊಳೆಯಲಿಲ್ಲ. ಈಗ ಆ ಪುಸ್ತಕ ನನ್ನ ಬಳಿ ಇದೆ. ಕಳೆದ ಕೆಲವು ತಿಂಗಳಿಂದ ಲೇವಿ ಕುಲದ ಆ ಪಟ್ಟಿಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಓದಿದಷ್ಟೂ ಅವು ಕಥೆಗಳೇ ಅನ್ನಿಸುತ್ತಿವೆ.

ಲೇವಿ ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ಮೂರನೆಯ ಮಗ, ಲೇಯಳ ಹೊಟ್ಟೆಯಲ್ಲಿ ಹುಟ್ಟಿದವನು. ಸಾಯುವ ಹೊತ್ತಿಗೆ ಯಾಕೋಬ ಮಕ್ಕಳನ್ನು ಕರೆದು ಒಬ್ಬೊಬ್ಬನಿಗೂ ಮಾತು ಕೊಡುತ್ತಾನೆ. ಲೇವಿಗೆ ಸಿಕ್ಕಿದ್ದು ಶಾಪ. ಅಣ್ಣ ಸಿಮೆಯೋನನ ಜೊತೆ ಸೇರಿ ಶೆಕೆಮ್ ಎಂಬ ಊರಿನಲ್ಲಿ ಕತ್ತಿ ಹಿಡಿದು ಮಾಡಿದ ಕೊಲೆಗಳಿಗಾಗಿ, ಇವರನ್ನು ಇಸ್ರಾಯೇಲಿನಲ್ಲಿ ಚದರಿಸಿಬಿಡುತ್ತೇನೆ ಎಂಬ ಶಾಪ. ಅದು ಹಾಗೆಯೇ ಆಯಿತು. ಕಾನಾನ್ ದೇಶವನ್ನು ಹಂಚಿದಾಗ ಎಲ್ಲ ಕುಲಗಳಿಗೂ ಸೀಮೆ ಸಿಕ್ಕಿತು, ಲೇವಿಗೆ ಸಿಗಲಿಲ್ಲ. ಬೇರೆಯವರ ಸೀಮೆಗಳಲ್ಲಿ ಅಲ್ಲೊಂದು ಇಲ್ಲೊಂದರಂತೆ 48 ಊರುಗಳು, ಊರ ಸುತ್ತ ದನ ಮೇಯಲು ಹುಲ್ಲುಗಾವಲು, ಅಷ್ಟೇ. ಆದರೆ ಈ ಚದರುವಿಕೆಯೇ ಅವರ ಕೆಲಸದ ರೀತಿಯಾಯಿತು. ದೇವರ ಸೇವೆ ಮಾಡುವವರು ಎಲ್ಲ ಕುಲಗಳ ನಡುವೆಯೂ ಇರಬೇಕಲ್ಲ. ಅಪ್ಪನ ಬಾಯಿಂದ ಶಾಪವಾಗಿ ಬಂದದ್ದು ಮೊಮ್ಮಕ್ಕಳ ಕಾಲಕ್ಕೆ ಹುದ್ದೆಯಾಗಿತ್ತು.

ಹುಟ್ಟಿನಿಂದ ಬರುವ ಪೂಜೆಯ ಹಕ್ಕು ಎಂದ ಕೂಡಲೇ ನಮ್ಮ ಕಡೆಯವರ ಕಿವಿ ಚುರುಕಾಗುತ್ತದೆ, ಆಗಬೇಕಾದದ್ದೇ. ಅದಕ್ಕೇ ಒಂದು ಮಾತು ಹೇಳಿಬಿಡುತ್ತೇನೆ. ಲೇವಿಯರಿಗೆ ಹೊಲದ ಪಾಲಿಲ್ಲ, ಬೇರೆಯವರು ಕೊಡುವ ದಶಮಾಂಶದಲ್ಲೇ ಬದುಕು. ಧರ್ಮೋಪದೇಶಕಾಂಡದಲ್ಲಿ ಯಾರಿಗೆ ಊಟ ಹಾಕಬೇಕು ಎಂದು ಹೇಳುವಾಗ ಲೇವಿಯನ ಹೆಸರು ಪರದೇಶಿ, ಅನಾಥ, ವಿಧವೆ ಇವರ ಜೊತೆಯಲ್ಲೇ ಬರುತ್ತದೆ. ಬಹಳ ಮುಂದೆ, ಯೆರೂಸಲೇಮಿನ ಅಧಿಕಾರಿ ನೆಹೆಮೀಯನ ಕಾಲದಲ್ಲಿ ಜನ ಆ ಪಾಲು ಕೊಡುವುದನ್ನು ನಿಲ್ಲಿಸಿದರು. ಲೇವಿಯರೂ ಗಾಯಕರೂ ದೇವಾಲಯ ಬಿಟ್ಟು ಹೊಲಕ್ಕೆ ಓಡಿದರು. ಹಕ್ಕಿತ್ತು, ಅನ್ನವಿರಲಿಲ್ಲ.

ಇವರೇ ಯಾಕೆ? ಈಜಿಪ್ಟಿನವರ ಚೊಚ್ಚಲ ಮಕ್ಕಳೆಲ್ಲ ಸತ್ತು ಇಸ್ರಾಯೇಲ್ಯರು ಅಲ್ಲಿಂದ ಹೊರಟ ರಾತ್ರಿ, ಉಳಿದುಕೊಂಡ ಇವರ ಚೊಚ್ಚಲ ಮಕ್ಕಳೆಲ್ಲ ದೇವರ ಪಾಲು. ಅವರ ಬದಲಿಗೆ ಲೇವಿಯರನ್ನು ತೆಗೆದುಕೊಳ್ಳುತ್ತೇನೆ ಎಂಬುದು ಒಡಂಬಡಿಕೆ. ಅರಣ್ಯಕಾಂಡ ಇದಕ್ಕೆ ಲೆಕ್ಕ ಇಡುತ್ತದೆ. ಒಂದು ತಿಂಗಳು ಮೇಲ್ಪಟ್ಟ ಲೇವಿ ಗಂಡಸರು 22,000. ಉಳಿದ ಕುಲಗಳ ಚೊಚ್ಚಲು ಗಂಡುಮಕ್ಕಳು 22,273. ತಲೆಗೆ ತಲೆ ಸರಿಹೊಂದಿಸಿದ ಮೇಲೆ 273 ಮಂದಿ ಹೆಚ್ಚಾದರು. ಅವರಿಗೆ ತಲೆಗೆ 5 ಶೆಕೆಲ್ ಬೆಳ್ಳಿಯಂತೆ 1,365 ಶೆಕೆಲ್ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಆದರೆ ಆ 273 ಜನ ಯಾರು? "ನನ್ನ ಬದಲು ಲೇವಿಯವನು ಇದ್ದಾನೆ, ನಾನೇಕೆ ಕೊಡಲಿ" ಎಂದು ಎಲ್ಲರೂ ಹೇಳಬಹುದಲ್ಲ. ಯೆಹೂದಿ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುದಿನ ಗುರುಗಳು ಈ ಜಗಳವನ್ನು ಮೊದಲೇ ಕಂಡು ಒಂದು ದಾರಿ ಹೇಳಿದ್ದಾರೆ: ಜನರನ್ನು ಈಜಿಪ್ಟಿನಿಂದ ಕರೆತಂದ ಮೋಶೆ 22,000 ಚೀಟಿಗಳ ಮೇಲೆ ಲೇವಿ ಎಂದೂ 273ರ ಮೇಲೆ ಐದು ಶೆಕೆಲ್ ಎಂದೂ ಬರೆದು ಪೆಟ್ಟಿಗೆಗೆ ಹಾಕಿ ಎತ್ತಿಸಿದನಂತೆ. ಆ ಐದು ಬೆಳ್ಳಿ ನಾಣ್ಯಗಳ ಶಾಸ್ತ್ರ ಇಂದಿಗೂ ಯೆಹೂದಿ ಮನೆಗಳಲ್ಲಿ ನಡೆಯುತ್ತದೆ. ಚೊಚ್ಚಲು ಗಂಡುಮಗುವಿಗೆ ತಿಂಗಳು ತುಂಬಿದಾಗ ತಂದೆ, ಮೋಶೆಯ ಅಣ್ಣ ಆರೋನನ ವಂಶದವನೊಬ್ಬನಿಗೆ ಐದು ನಾಣ್ಯ ಕೊಟ್ಟು ತನ್ನ ಮಗುವನ್ನು ತಾನೇ ಬಿಡಿಸಿಕೊಳ್ಳುತ್ತಾನೆ.

ಲೇವಿಗೆ ಮೂರು ಮಕ್ಕಳು: ಗೇರ್ಷೋನ್, ಕೆಹಾತ್, ಮೆರಾರಿ. ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಬಿಚ್ಚಿ, ಹೊತ್ತು, ಮತ್ತೆ ಕಟ್ಟುವ ಕೆಲಸ ಈ ಮೂರು ಮನೆತನಗಳಿಗೆ ಹಂಚಿಕೆಯಾಯಿತು. ಈ ಅಧ್ಯಾಯವನ್ನು ಚಿಕ್ಕವನಿದ್ದಾಗ ಓದುವಾಗ ನಿದ್ದೆ ಬರುತ್ತಿತ್ತು. ಈಗ ನನಗೆ ಅತಿ ಹೆಚ್ಚು ಹಿಡಿಸುವುದು ಇದೇ. ಗೇರ್ಷೋನ್ಯರದು ಬಟ್ಟೆ: ಪರದೆ, ಹೊದಿಕೆ, ಅಂಗಳದ ತೆರೆಗಳು. ಮೆರಾರೀಯರದು ಮರ ಮತ್ತು ಲೋಹ: ಹಲಗೆ, ಅಗುಳಿ, ಕಂಬ, ಕಂಬದ ಗದ್ದಿಗೆಕಲ್ಲು, ಗೂಟ, ಹಗ್ಗ. ಮೆರಾರೀಯರಿಗೆ ಅವರವರು ಹೊರಬೇಕಾದ ಸಾಮಾನನ್ನು ಹೆಸರು ಹೇಳಿ ಒಪ್ಪಿಸಬೇಕು ಎಂಬ ಆಜ್ಞೆಯಿದೆ. ಒಬ್ಬ ಮೆರಾರೀಯನನ್ನು ನೆನೆಸಿಕೊಳ್ಳಿ. ಅವನ ಪಾಲಿಗೆ ಬಂದದ್ದು ಅಂಗಳದ ಗೂಟಗಳು. ಮೂವತ್ತನೇ ವಯಸ್ಸಿನಿಂದ ಐವತ್ತರವರೆಗೆ, ದೇವರ ಗುರುತಾಗಿ ಗುಡಾರದ ಮೇಲೆ ನಿಂತ ಮೋಡ ಎದ್ದಾಗಲೆಲ್ಲ ಗೂಟ ಕೀಳುವುದು, ಎಣಿಸಿ ಬಂಡಿಗೆ ಹಾಕುವುದು, ಮೋಡ ನಿಂತಲ್ಲಿ ಮತ್ತೆ ಹೊಡೆಯುವುದು. ಒಂದು ಗೂಟ ಕಳೆದರೆ ದೇವರ ಅಂಗಳದ ಒಂದು ಮೂಲೆ ಜೋತುಬೀಳುತ್ತದೆ. ಅದಕ್ಕೇ ಹೆಸರು ಹೇಳಿ ಒಪ್ಪಿಸುವುದು.

ಕೆಹಾತ್ಯರದು ಬೇರೆಯೇ ತೂಕ. ದೇವರ ಆಜ್ಞೆಗಳ ಕಲ್ಲುಹಲಗೆಗಳಿದ್ದ ಮಂಜೂಷ, ರೊಟ್ಟಿಯ ಮೇಜು, ದೀಪಸ್ತಂಭ, ಎರಡು ವೇದಿಗಳು ಅವರ ಪಾಲಿಗೆ. ಕುಲದ ನಾಯಕರು 6 ಬಂಡಿ, 12 ಎತ್ತು ತಂದುಕೊಟ್ಟಾಗ ಗೇರ್ಷೋನ್ಯರಿಗೆ ಎರಡು ಬಂಡಿ, ಮೆರಾರೀಯರಿಗೆ ನಾಲ್ಕು ಬಂಡಿ ಸಿಕ್ಕವು. ಕೆಹಾತ್ಯರಿಗೆ ಒಂದೂ ಇಲ್ಲ. ಅವರು ಹೆಗಲ ಮೇಲೆಯೇ ಹೊರಬೇಕು. ಅದೂ ಮುಟ್ಟದೆ, ನೋಡದೆ. ಪಾಳೆಯ ಹೊರಡುವ ಮುಂಚೆ ಪೂಜೆ ನಡೆಸುವ ಯಾಜಕರಾದ ಆರೋನ ಮತ್ತು ಅವನ ಮಕ್ಕಳು ಮಾತ್ರ ಒಳಗೆ ಹೋಗಿ, ಅಡ್ಡತೆರೆಯನ್ನು ಇಳಿಸಿ ಅದರಿಂದಲೇ ಮಂಜೂಷವನ್ನು ಮುಚ್ಚಿ, ಅದರ ಮೇಲೆ ತೊಗಲು, ತೊಗಲಿನ ಮೇಲೆ ಅಪ್ಪಟ ನೀಲಿ ಬಟ್ಟೆ ಹೊದಿಸಿ, ಕೋಲು ಸಿಕ್ಕಿಸಿ ಈಚೆ ಬಂದ ಮೇಲೆ ಕೆಹಾತ್ಯರು ಹೆಗಲು ಕೊಡಬೇಕು. ಒಳಗಿನ ಪವಿತ್ರ ವಸ್ತುಗಳನ್ನು ಅವರು ಒಂದು ಕ್ಷಣ ನೋಡಿದರೂ ಸಾಯುವರು ಎಂದು ಎಚ್ಚರಿಕೆಯಿದೆ. ಆ 'ಒಂದು ಕ್ಷಣ' ಎಂಬಲ್ಲಿ ಹೀಬ್ರೂವಿನಲ್ಲಿರುವ ಪದದ ಧಾತು 'ನುಂಗು'. ಉಗುಳು ನುಂಗುವಷ್ಟು ಹೊತ್ತು ಅಂತೀವಲ್ಲ, ಹಾಗೆ. ಈ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೋರಹ ಕೆಹಾತ್ಯ. ಕೆಹಾತನ ಮಗ ಅಮ್ರಾಮನಿಗೆ ಹುಟ್ಟಿದವರು ಆರೋನ, ಮೋಶೆ. ಅಮ್ರಾಮನ ತಮ್ಮ ಇಚ್ಹಾರನಿಗೆ ಹುಟ್ಟಿದವನು ಕೋರಹ. ಅಂದರೆ ಅಣ್ಣತಮ್ಮಂದಿರ ಮಕ್ಕಳು, ಒಂದೇ ಅಜ್ಜನ ಮೊಮ್ಮಕ್ಕಳು. ದೊಡ್ಡಪ್ಪನ ಮಗ ಒಳಗೆ ಹೋಗಿ ಬಟ್ಟೆ ಹೊದಿಸುತ್ತಾನೆ, ಇವನು ಹೊರಗೆ ಬಿಸಿಲಲ್ಲಿ ನಿಂತು ಕಾಯುತ್ತಾನೆ. ಹೊರುವ ತೂಕವೆಲ್ಲ ಇವನದು, ಆದರೆ ಹೊತ್ತದ್ದು ಏನೆಂದು ಸಾಯುವವರೆಗೂ ಕಾಣುವ ಹಾಗಿಲ್ಲ. ದಾಯಾದಿಗಳ ಮನಸ್ಸು ಎಲ್ಲಿ ಕೆಡುತ್ತದೆ ಎಂದು ಯಾರಿಗೆ ಗೊತ್ತಿಲ್ಲ! ಕೋರಹ ದುಷ್ಟನಾಗಿ ಹುಟ್ಟಿದವನೆಂದು ನನಗೆ ಎಂದೂ ಅನ್ನಿಸಿಲ್ಲ. ಅವನು ಎತ್ತಿದ ಪ್ರಶ್ನೆಯೂ ಹಗುರವಾದುದಲ್ಲ. ಸಮೂಹದವರೆಲ್ಲರೂ ಪರಿಶುದ್ಧರೇ, ಯೆಹೋವ ಅವರೆಲ್ಲರ ನಡುವೆಯೂ ಇದ್ದಾನೆ, ಹಾಗಿರುವಾಗ ನೀವಿಬ್ಬರು ಯಾಕೆ ಮೇಲೇರಿ ಕೂತಿದ್ದೀರಿ ಎಂಬ ಪ್ರಶ್ನೆ. ಮೋಶೆಯ ಉತ್ತರ ಬೇರೆ ಕಡೆಯಿಂದ ಬರುತ್ತದೆ: ದೇವರು ನಿಮ್ಮನ್ನು ಇಷ್ಟು ಹತ್ತಿರ ಕರೆದದ್ದು ಸಾಲದೆ, ಯಾಜಕತ್ವವೂ ಬೇಕೇ? ಎಲ್ಲರೂ ಪರಿಶುದ್ಧರು ಎಂದವನು ಕೇಳುತ್ತಿದ್ದದ್ದು ಎಲ್ಲರಿಗಾಗಿಯೋ, ತನಗಾಗಿಯೋ ಎಂಬುದು ಮೋಶೆಯ ಅನುಮಾನ. ಅದೂ ನಿಜವಿರಬಹುದು. ಎರಡೂ ಒಟ್ಟಿಗೆ ನಿಜವಿರಬಹುದು.

ಮುಂದಿನದು ಗೊತ್ತಿರುವ ಕಥೆ. ಕೋರಹನ ಕಡೆಯ 250 ಮುಖಂಡರು ಧೂಪಾರತಿ ಹಿಡಿದು ನಿಂತರು. ಈ ದುಷ್ಟರ ಗುಡಾರಗಳ ಹತ್ತಿರದಿಂದ ಸರಿದುಬಿಡಿ ಎಂದು ಮೋಶೆ ಜನರಿಗೆ ಕೂಗಿ ಹೇಳಿದ. ನೆಲ ಬಾಯ್ದೆರೆದು ಕೋರಹನನ್ನೂ ಅವನ ಕಡೆಯವರನ್ನೂ ನುಂಗಿತು. ಇಲ್ಲಿಯೂ ಅದೇ 'ನುಂಗು' ಧಾತು. ಧೂಪ ಹಾಕಿದ 250 ಮಂದಿಯನ್ನು ಬೆಂಕಿ ತಿಂದಿತು. ಸುಟ್ಟು ಉಳಿದ ತಾಮ್ರದ ಧೂಪಾರತಿಗಳನ್ನು ಆರೋನನ ಮಗ ಎಲ್ಲಾಜಾರ ಹೆಕ್ಕಿಸಿ, ತಗಡಾಗಿ ಬಡಿಸಿ ಯಜ್ಞವೇದಿಗೆ ಹೊದಿಸಿದ. ತಪ್ಪು ಕೈಗಳಲ್ಲಿದ್ದ ತಾಮ್ರವೂ ದೇವರ ಮುಂದೆ ಬಂದಿದ್ದರಿಂದ ಪವಿತ್ರವೇ ಆಗಿತ್ತು. ಬಿಸಾಡುವ ಹಾಗಿರಲಿಲ್ಲ.

ಹತ್ತು ಅಧ್ಯಾಯ ದಾಟಿದ ಮೇಲೆ ಗಣತಿ, ಆ ಪುಟ್ಟ ವಾಕ್ಯ. ಮಕ್ಕಳು ಸಾಯಲಿಲ್ಲ.

ಸಾಯದವರು ಏನಾದರು? ಉತ್ತರ ಪೂರ್ವಕಾಲವೃತ್ತಾಂತದ ಪಟ್ಟಿಗಳಲ್ಲಿದೆ, ಜನ ಹಾರಿಸಿಬಿಡುವ ಆ ಪುಟಗಳಲ್ಲಿ. ಕೋರಹನ ಮಕ್ಕಳ ಹೆಸರು ಅಸ್ಸೀರ್, ಎಲ್ಕಾನ, ಅಬೀಯಾಸಾಫ್. ಅಬೀಯಾಸಾಫನ ಸಂತತಿಯ ಶಲ್ಲೂಮನೂ ಅವನ ಬಂಧುಗಳೂ ದೇವಾಲಯದ ಹೊಸ್ತಿಲು ಕಾಯುವವರು. ಬಾಗಿಲು ಕಾಯಲು ಆಯ್ದವರ ಸಂಖ್ಯೆ 212. ಅವರು ರಾತ್ರಿ ಆಲಯದ ಸುತ್ತಲೇ ಮಲಗುತ್ತಿದ್ದರು, ಯಾಕೆಂದರೆ ಬೆಳಗಾಗುತ್ತಲೇ ಬಾಗಿಲು ತೆರೆಯುವುದು ಅವರ ಕೆಲಸ. ಶಲ್ಲೂಮನ ಚೊಚ್ಚಲು ಮಗ ಮತ್ತಿತ್ಯನಿಗೆ ಹಂಚಿನ ಮೇಲೆ ನೈವೇದ್ಯದ ರೊಟ್ಟಿ ಸುಡುವ ಹೊಣೆ. ನನಗೆ ಈ ಮತ್ತಿತ್ಯ ಬಹಳ ಇಷ್ಟ. ಮುತ್ತಜ್ಜ ಧೂಪಾರತಿ ಬೇಕೆಂದು ಹಟ ಹಿಡಿದು ನೆಲದ ಪಾಲಾದ. ಮರಿಮಗ ಅದೇ ದೇವರ ಮನೆಯಲ್ಲಿ ಹಿಟ್ಟು ಕಲಸಿ ರೊಟ್ಟಿ ತಿರುವಿ ಹಾಕುತ್ತಿದ್ದಾನೆ.

ಅದೇ ವಂಶದ ಇನ್ನೊಂದು ಕೊಂಬೆಯಲ್ಲಿ ಪ್ರವಾದಿ ಸಮುವೇಲ, ಅವನ ಮೊಮ್ಮಗ ಹೇಮಾನ್. ಅರಸ ದಾವೀದನ ಕಾಲದ ಮೂವರು ಮುಖ್ಯ ಗಾಯಕರಲ್ಲಿ ಹೇಮಾನ್ ಒಬ್ಬ. ಸಮುವೇಲನ ಪುಸ್ತಕ ಸಮುವೇಲನ ತಂದೆಯನ್ನು ಎಫ್ರಾಯೀಮ್ ಬೆಟ್ಟದ ಸೀಮೆಯವನೆಂದು ಹೇಳುತ್ತದೆ, ಪೂರ್ವಕಾಲವೃತ್ತಾಂತ ಲೇವಿಯನೆಂದು ಬರೆದುಕೊಳ್ಳುತ್ತದೆ. ಎಫ್ರಾಯೀಮಿನಲ್ಲಿ ವಾಸವಾಗಿದ್ದ ಲೇವಿಯನೆನ್ನುತ್ತಾರೆ ಕೆಲವರು. ಆಲಯಕ್ಕೆ ಅರ್ಪಿತನಾದ ಹುಡುಗನನ್ನು ವಂಶಾವಳಿಯೇ ಆಮೇಲೆ ಮಡಿಲಿಗೆ ಹಾಕಿಕೊಂಡಿತು ಎನ್ನುತ್ತಾರೆ ಇನ್ನು ಕೆಲವರು. ಎರಡನೆಯದು ನಿಜವಾಗಿದ್ದರೂ ನನಗೆ ಬೇಸರವಿಲ್ಲ. ಅವನನ್ನು ಸೇರಿಸಿಕೊಳ್ಳಲು ಆ ಪಟ್ಟಿ ಆರಿಸಿದ ಮನೆ ಕೋರಹನದು, ಅದು ನನಗೆ ಮುಖ್ಯ.

ಇನ್ನು ಹಾಡುಗಳು. ಕೀರ್ತನೆಗಳಲ್ಲಿ ಹನ್ನೊಂದರ ತಲೆಬರಹದಲ್ಲಿ ಕೋರಹನ ಮಕ್ಕಳ ಹೆಸರಿದೆ. 46ನೆಯದು ನಮ್ಮ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು: ಭೂಮಿ ಮಾರ್ಪಟ್ಟರೂ, ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ನಾವು ಹೆದರುವುದಿಲ್ಲ. ಇದನ್ನು ಹಾಡುತ್ತಿರುವುದು ಕಾಲಡಿಯ ನೆಲ ಬಿರಿದ ಮನೆತನ ಎಂದು ನೆನೆದು ಒಮ್ಮೆ ಓದಿನೋಡಿ. 88ನೆಯದು ಇಡೀ ಸಂಗ್ರಹದಲ್ಲೇ ಕಡುಗತ್ತಲೆಯದು. ಗುಂಡಿ, ಪಾತಾಳ, ಮರೆವಿನ ದೇಶ. ಸತ್ತವರು ಎದ್ದು ನಿನ್ನನ್ನು ಕೊಂಡಾಡುವರೋ ಎಂದು ಕೇಳಿ, ಕತ್ತಲೆಯಲ್ಲೇ ಮುಗಿಯುತ್ತದೆ. ಅದರ ತಲೆಯ ಮೇಲೂ ಇವರದೇ ಹೆಸರು. 84ರಲ್ಲಿ ಬರುವ ಮಾತು ಎಲ್ಲರಿಗೂ ಗೊತ್ತು: ದುಷ್ಟರ ಗುಡಾರಗಳಲ್ಲಿ ಇರುವುದಕ್ಕಿಂತ ನನ್ನ ದೇವರ ಮನೆಯ ಬಾಗಿಲು ಕಾಯುವುದೇ ಲೇಸು. ಹೀಬ್ರೂವಿನಲ್ಲಿ ಅದು ಹೊಸ್ತಿಲಲ್ಲಿ ನಿಲ್ಲುವುದು, ಶಲ್ಲೂಮನ ಮನೆಯವರ ನಿಜವಾದ ಕೆಲಸ. 'ದುಷ್ಟರ ಗುಡಾರಗಳು' ಅಂದು ಮೋಶೆ ಕೂಗಿ ಹೇಳಿದ ಮಾತು. ವಂಶದ ಅವಮಾನವನ್ನು ಅವರು ಮುಚ್ಚಿಡಲಿಲ್ಲ, ಹಾಡಿನೊಳಗೇ ಇಟ್ಟು ಜನರೆದುರು ಹಾಡಿದರು ಎಂದು ನಾನು ಓದಿಕೊಳ್ಳುತ್ತೇನೆ. ತಾಲ್ಮುದಿನವರ ಕಲ್ಪನೆ ಇನ್ನೂ ಮುಂದೆ ಹೋಗುತ್ತದೆ. ಪಾತಾಳದಲ್ಲಿ ಕೋರಹನ ಮಕ್ಕಳಿಗೆಂದು ಒಂದು ಎತ್ತರದ ಜಾಗ ಸಿದ್ಧವಾಯಿತಂತೆ, ಅದರ ಮೇಲೆ ಕೂತು ಅವರು ಹಾಡಿದರಂತೆ.

ವಂಶವೊಂದಿದ್ದರೆ ಸಾಕು ಎಂದು ಆ ಪುಸ್ತಕಗಳು ಎಲ್ಲಿಯೂ ಹೇಳುವುದಿಲ್ಲ. ಯೆರೂಸಲೇಮಿಗೂ ಮುಂಚೆ ದೇವಾಲಯವಿದ್ದ ಶೀಲೋವಿನಲ್ಲಿ ಯಾಜಕ ಏಲಿಯ ಮಕ್ಕಳು ಹೊಫ್ನಿ, ಫೀನೆಹಾಸ ಇಬ್ಬರಿಗೂ ಹುಟ್ಟಿನ ಹಕ್ಕಿತ್ತು. ಜನ ಬಲಿಯ ಮಾಂಸ ಬೇಯಿಸುತ್ತಿದ್ದರೆ ಇವರ ಆಳು ಮೂರು ಹಲ್ಲಿನ ಮುಳ್ಳು ಹಿಡಿದು ಬಂದು, ಹಂಡೆಯೋ ಕೊಪ್ಪರಿಗೆಯೋ, ಚುಚ್ಚಿ ಸಿಕ್ಕಷ್ಟನ್ನು ಎತ್ತಿಕೊಂಡು ಹೋಗುತ್ತಿದ್ದ. ಆ ಮನೆತನ ಬಿದ್ದೇಹೋಯಿತು. ಏಲಿಯ ವಂಶದ ಎಬ್ಯಾತಾರನನ್ನು ಅರಸ ಸೊಲೊಮೋನ ಯಾಜಕತ್ವದಿಂದ ತೆಗೆದು ಅನಾತೋತಿನ ಹೊಲಕ್ಕೆ ಅಟ್ಟಿದ. ಕೆಲವು ಶತಮಾನಗಳ ಮೇಲೆ ಅದೇ ಅನಾತೋತಿನ ಯಾಜಕರ ನಡುವಿನಿಂದ ಯೆರೆಮೀಯ ಎದ್ದು ಬಂದು ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ನಿಂತು, ಈ ಆಲಯವೂ ಶೀಲೋವಿನಂತೆ ಹಾಳಾಗುವುದು ಎಂದ.

ಹಾಗೆಯೇ ಆಯಿತು, ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಆಲಯವನ್ನು ಸುಟ್ಟು ಜನರನ್ನು ಸೆರೆಯೊಯ್ದರು. ಬಾಬೆಲಿನ ಸೆರೆಯಿಂದ ಮರಳಿ ಬಂದವರ ಪಟ್ಟಿ ಎಜ್ರನ ಪುಸ್ತಕದಲ್ಲಿದೆ. ಯಾಜಕರು 4,289. ಲೇವಿಯರು 74. ಗಾಯಕರು 128, ದ್ವಾರಪಾಲಕರ ಮನೆತನದವರು 139. ಮುಂದೆ ಧರ್ಮಶಾಸ್ತ್ರಿ ಎಜ್ರನೇ ಯೆರೂಸಲೇಮಿಗೆ ಹೊರಟಾಗ ಅಹವಾ ಹೊಳೆಯ ದಂಡೆಯಲ್ಲಿ ಪಾಳೆಯವನ್ನೆಲ್ಲ ನೋಡಿದರೆ ಲೇವಿಯರು ಒಬ್ಬರೂ ಇರಲಿಲ್ಲ. ಹೇಳಿಕಳುಹಿಸಿ ಕರೆಸಿದ ಮೇಲೆ ಬಂದವರು 38. ಎಷ್ಟೋ ತಲೆಮಾರು ಹೊತ್ತವರಿಗೆ ಹೊರುವ ಸಾಮಾನೇ ಇಲ್ಲವಾದಾಗ, ಹೆಗಲು ಆ ಅಭ್ಯಾಸವನ್ನು ಎಷ್ಟು ದಿನ ಉಳಿಸಿಕೊಳ್ಳುತ್ತದೆ?

ಆ ಪಟ್ಟಿಯಲ್ಲೇ ಮನಸ್ಸು ಹಿಂಡುವ ಮೂರು ಮನೆತನಗಳಿವೆ: ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ. ನಾವು ಯಾಜಕರೆಂದು ಬಂದರು, ವಂಶಾವಳಿಯ ದಾಖಲೆಯಲ್ಲಿ ಹುಡುಕಿದರು, ಹೆಸರು ಸಿಗಲಿಲ್ಲ. ದೇವರ ಚಿತ್ತ ಕೇಳುವ ಊರೀಮ್ ತುಮ್ಮೀಮ್ ಹಿಡಿದ ಯಾಜಕನೊಬ್ಬ ಏಳುವವರೆಗೆ ನೀವು ಪವಿತ್ರ ನೈವೇದ್ಯ ಮುಟ್ಟಬಾರದು ಎಂದು ಅಧಿಕಾರಿ ಹೇಳಿದ. ಬರ್ಜಿಲ್ಲೈ ಮನೆತನದ ಕಥೆಯಂತೂ ಅಚ್ಚರಿಯದು. ಅವರ ಹಿರಿಯನೊಬ್ಬ ಗಿಲ್ಯಾದಿನ ಬರ್ಜಿಲ್ಲೈಯ ಮನೆ ಹೆಣ್ಣು ತಂದು, ಹೆಂಡತಿಯ ಕಡೆಯ ಹೆಸರನ್ನೇ ಇಟ್ಟುಕೊಂಡಿದ್ದ. ಹಕ್ಕೋಚನ ಮನೆಯ ಹೆಸರು ಮಾತ್ರ ಮುಂದೆ ಮತ್ತೆ ಕಾಣುತ್ತದೆ. ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವರಲ್ಲಿ ಹಕ್ಕೋಚನ ಮೊಮ್ಮಗ, ಊರೀಯನ ಮಗ ಮೆರೇಮೋತ್ ಇದ್ದಾನೆ. ಎಜ್ರ ತಂದ ಬೆಳ್ಳಿಬಂಗಾರವನ್ನು ಆಲಯದಲ್ಲಿ ತೂಗಿಸಿಕೊಂಡ ಯಾಜಕನ ಹೆಸರೂ ಊರೀಯನ ಮಗ ಮೆರೇಮೋತ್. ಇಬ್ಬರೂ ಒಬ್ಬನೇ ಆಗಿದ್ದರೆ, ದಾಖಲೆಯಲ್ಲಿ ಸಿಗದ ಮನೆ ಹೇಗೋ ಮತ್ತೆ ಒಳಗೆ ಬಂದಿದೆ.

ಎರಡನೆಯ ದೇವಾಲಯದ ಕಾಲಕ್ಕೆ ಈ ಪರೀಕ್ಷೆ ಇನ್ನೂ ಬಿಗಿಯಾಯಿತು. ತಾಲ್ಮುದಿಗೆ ಬುನಾದಿಯಾದ ನಿಯಮಸಂಗ್ರಹ ಮಿಷ್ನಾ ಹೇಳುವಂತೆ ಕೆತ್ತಿದ ಕಲ್ಲಿನ ಕೋಣೆಯಲ್ಲಿ ನ್ಯಾಯಸಭೆ ಕೂತು ಯಾಜಕರ ವಂಶವನ್ನು ವಿಚಾರಿಸುತ್ತಿತ್ತು. ದೋಷ ಕಂಡವನು ಕಪ್ಪು ಬಟ್ಟೆ ಹೊದ್ದು ಹೊರಟುಹೋಗುತ್ತಿದ್ದ. ಕಾಣದವನು ಬಿಳಿ ಬಟ್ಟೆ ಉಟ್ಟು ಒಳಗೆ ಹೋಗಿ ಅಣ್ಣತಮ್ಮಂದಿರ ಜೊತೆ ಸೇವೆ ಮಾಡುತ್ತಿದ್ದ. ಕೆಲಸದ ಗುಟ್ಟುಗಳೂ ಮನೆತನದ ಆಸ್ತಿಯಾಗಿದ್ದವು. ಗರ್ಮು ಮನೆಯವರಿಗೆ ಮೇಜಿನ ರೊಟ್ಟಿಯ ಕೆಲಸ, ಅವ್ತಿನಾಸ್ ಮನೆಯವರಿಗೆ ಧೂಪದ ಕೆಲಸ. ಇವರು ಯಾರಿಗೂ ಕಲಿಸಲು ಒಪ್ಪದಿದ್ದಾಗ ಗುರುಗಳು ಅಲೆಕ್ಸಾಂಡ್ರಿಯದಿಂದ ಕುಶಲಿಗಳನ್ನು ಕರೆಸಿದರು. ಬಂದವರು ಸುಟ್ಟ ರೊಟ್ಟಿಗೆ ಬೂಷ್ಟು ಹಿಡಿಯಿತು, ಅವರು ಮಾಡಿದ ಧೂಪದ ಹೊಗೆ ನೆಟ್ಟಗೆ ಏಳಲಿಲ್ಲ. ಕೊನೆಗೆ ಸಂಬಳ ದುಪ್ಪಟ್ಟು ಮಾಡಿ ಹಳಬರನ್ನೇ ಕರೆಯಬೇಕಾಯಿತು. ಮಿಷ್ನಾ ಇವರನ್ನು ನಿಂದಿಸುತ್ತದೆ. ತಾಲ್ಮುದು ಇವರ ಇನ್ನೊಂದು ಮುಖವನ್ನೂ ಉಳಿಸಿಕೊಂಡಿದೆ. ಈ ಆಲಯ ಒಂದು ದಿನ ಬೀಳುತ್ತದೆ, ಅಯೋಗ್ಯನೊಬ್ಬ ಕಲಿತುಕೊಂಡರೆ ವಿಗ್ರಹದ ಮುಂದೆ ಇದನ್ನು ಮಾಡಿಯಾನು ಎಂಬ ಅಂಜಿಕೆ ಅವರದು. ಗರ್ಮು ಮನೆಯ ಮಕ್ಕಳ ಕೈಯಲ್ಲಿ ಬಿಳಿಯ ರೊಟ್ಟಿ ಎಂದೂ ಕಾಣುತ್ತಿರಲಿಲ್ಲ. ಕಂಡರೆ ದೇವರ ಮೇಜಿನದು ಎಂದು ಜನ ಅಂದಾರಲ್ಲ. ಅವ್ತಿನಾಸ್ ಮನೆಯ ಮದುವಣಗಿತ್ತಿ ಸುಗಂಧ ಹಚ್ಚಿಕೊಳ್ಳುತ್ತಿರಲಿಲ್ಲ. ಬೇರೆ ಊರಿನಿಂದ ಹೆಣ್ಣು ತರುವಾಗಲೂ ಆ ಕರಾರಿನ ಮೇಲೆಯೇ ತರುತ್ತಿದ್ದರು. ಮದುವೆಯ ದಿನವೂ ಮೈಗೆ ಪರಿಮಳವಿಲ್ಲದ ಆ ಹುಡುಗಿ ನನ್ನ ಕಣ್ಣಿಂದ ಹೋಗುವುದಿಲ್ಲ. ಮನೆ ತುಂಬ ಜಗತ್ತಿನ ಅತ್ಯುತ್ತಮ ಧೂಪದ ಗುಟ್ಟು, ಅವಳ ಪಾಲಿಗೆ ಬರಿಯ ಸೋಪಿನ ವಾಸನೆಯಷ್ಟೂ ಇಲ್ಲ.

ಕ್ರಿ.ಶ. 70ರಲ್ಲಿ ರೋಮನರು ಆಲಯವನ್ನು ಸುಟ್ಟರು. ಸರದಿಯ ಮೇಲೆ ಸೇವೆ ಮಾಡುತ್ತಿದ್ದ 24 ಯಾಜಕ ವರ್ಗಗಳಿಗೆ ಹೋಗಲು ಜಾಗವೇ ಉಳಿಯಲಿಲ್ಲ. ಆದರೂ ಅವರು ಸರದಿ ಮರೆಯಲಿಲ್ಲ. 1962ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಅಮೃತಶಿಲೆಯ ಚೂರುಗಳು ಸಿಕ್ಕವು. ಅವುಗಳಲ್ಲಿ ವರ್ಗಗಳ ಹೆಸರು, ಪ್ರತಿ ವರ್ಗದ ಮುಂದೆ ಗಲಿಲಾಯದ ಊರಿನ ಹೆಸರು. ಆಲಯ ಹೋಗಿ ಶತಮಾನಗಳು ಕಳೆದ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ ಪಟ್ಟಿ ಅದು. ಇಂದಿಗೂ ಸಭಾಮಂದಿರದಲ್ಲಿ ಧರ್ಮಶಾಸ್ತ್ರ ಓದಲು ಮೊದಲು ಆರೋನನ ವಂಶದವನನ್ನು, ಆಮೇಲೆ ಲೇವಿಯನನ್ನು ಕರೆಯುತ್ತಾರೆ. ಆಶೀರ್ವಾದ ಹೇಳುವ ಮುಂಚೆ ಆರೋನನ ವಂಶದವರ ಕೈಗೆ ಲೇವಿಯರು ನೀರು ಹೊಯ್ಯುತ್ತಾರೆ.

ನೆಗೇವ್ ಮರುಭೂಮಿಯ ಅರಾದ್ ಕೋಟೆಯಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಯೋಹಾನನ್ ಅಹರೋನಿ ಅಗೆಸಿದಾಗ ಮಣ್ಣಿನ ಬೋಗುಣಿಯೊಂದರ ಚೂರುಗಳು ಸಿಕ್ಕವು, ಮೇಲೆ ಶಾಯಿಯಲ್ಲಿ ಬರೆದ ಹೆಸರುಗಳ ಪಟ್ಟಿ. ಅದರಲ್ಲಿ ಒಂದು ಕಡೆ ಇರುವುದು ಎರಡೇ ಪದ: ಕೋರಹನ ಮಕ್ಕಳು. ಯೆಹೂದದ ಅರಸರ ಕಾಲದ ಬರಹ ಅದು. ಅದರ ಚಿತ್ರವನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಅಜ್ಜಿಯ ಬೈಬಲಿನ ಮೊದಲ ಖಾಲಿ ಹಾಳೆಯಲ್ಲಿಯೂ ಶಾಯಿಯಲ್ಲಿ ಬರೆದ ಒಂದು ಪಟ್ಟಿಯಿದೆ. ಮನೆಯಲ್ಲಿ ಯಾರು ಹುಟ್ಟಿದರೂ ಅವಳೇ ಹೆಸರು, ತಾರೀಖು ಬರೆಯುತ್ತಿದ್ದಳು. ನಮ್ಮ ದೊಡ್ಡಪ್ಪನೊಬ್ಬರು ಆಸ್ತಿಯ ಜಗಳದಲ್ಲಿ ಅಜ್ಜನ ಮೇಲೆ ಕೈಯೆತ್ತಿ ಮನೆ ಬಿಟ್ಟು ಹೋಗಿದ್ದರು. ಆಮೇಲೆ ಅವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಅವರ ಮಕ್ಕಳನ್ನು ನಾವು ಕಂಡವರೇ ಅಲ್ಲ. ಮೊನ್ನೆ ಆ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದೆ. ನನ್ನ ಹೆಸರಿಗಿಂತ ಎರಡು ಸಾಲು ಮೇಲೆ, ಅಜ್ಜಿಯ ಅದೇ ದುಂಡು ಅಕ್ಷರದಲ್ಲಿ, ಆ ಮೂರು ಮಕ್ಕಳ ಹೆಸರೂ ಹುಟ್ಟಿದ ದಿನವೂ ಇದ್ದವು. ಅವಳಿಗೆ ಅದನ್ನು ಯಾರು ತಿಳಿಸಿದರೋ.